ಗುಬ್ರಾದಲ್ಲಿ ಬಾಣಂತಿ ಮೀಯಿಸಿದ ಬೇಸಿಗೆ

ಕಳೆದ ಮೇ ತಿಂಗಳಲ್ಲಿ ಮಂಗಳೂರಿನ ನಮ್ಮ ಫ್ಲ್ಯಾಟಿನವರೆಲ್ಲ ಸೇರಿ ಒಂದು ಮೀಟಿಂಗ್ ಮಾಡಿದರು. ನಳ್ಳಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಬೋರ್‌ವೆಲ್ ಕೆಸರು ಕಾರುತ್ತಿತ್ತು. ಅಸೋಸಿಯೇಷನ್ನಿನ ಕಾರ್ಯದರ್ಶಿ ಚುರುಕಾದ ಹುಡುಗಿ. ನನ್ನ ಕಡೆ ತಿರುಗಿ, "ಆಂಟಿ, ನೀವು ಗಲ್ಫಿನಲ್ಲಿ ಇದ್ದವರಲ್ವಾ, ಮನೆಯಲ್ಲಿ ನೀರು ಉಳಿಸುದು ಹೇಗೆ ಅಂತ ನಾಲ್ಕು ಟಿಪ್ಸ್ ಹೇಳಿ" ಎಂದಳು. ಎದ್ದು ನಿಂತು ಹೇಳತೊಡಗಿದೆ. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಹಿಂಡಿದ ನೀರು ನೆಲಕ್ಕೆ, ಏಸಿ ಪೈಪಿನ ಬುಡಕ್ಕೆ ಒಂದು ಬಕೆಟ್. ಅಷ್ಟರಲ್ಲಿ ಮೇಲಿನ ಯಾವುದೋ ಮನೆಯ ಏಸಿ ನೀರು ಪಾರ್ಕಿಂಗಿನ ಧೂಳಿನ ಮೇಲೆ ತೊಟ್ಟಿಕ್ಕಿ, ಆ ಹಸಿ ಧೂಳಿನ ವಾಸನೆ ಮೂಗಿಗೆ ಬಂತು. ಮಾತು ಮರೆತು ಕೂತುಬಿಟ್ಟೆ. ಬಿ.ಪಿ. ಇರಬೇಕು ಎಂದುಕೊಂಡು ಯಾರೋ ಶರಬತ್ತು ತಂದುಕೊಟ್ಟರು, ಬೇಡ ಎನ್ನದೆ ಕುಡಿದೆ.

ಬಿ.ಪಿ. ಅಲ್ಲ. ಆ ವಾಸನೆ ಮಸ್ಕತ್‌ನ ಅಲ್ ಗುಬ್ರಾದ್ದು.

ನಾನು ಮಸ್ಕತ್‌ಗೆ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಏಪ್ರಿಲ್ ತಿಂಗಳು. ಅದಕ್ಕೆ ಎರಡು ತಿಂಗಳ ಹಿಂದೆ ಮೂಡಬಿದ್ರೆ ಹತ್ತಿರದ ತಾಯಿಮನೆಯಲ್ಲಿ ನನ್ನ ಮೊದಲ ಹೆರಿಗೆಯಾಗಿತ್ತು. ಮಗು ಹೊಟ್ಟೆಯೊಳಗೇ ತೀರಿಹೋಗಿತ್ತು. ನನಗೆ ತೋರಿಸಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎಂದರು ಹಿರಿಯರು. ನೋಡದೆ ಮರೆಯುವುದು ಹೇಗೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಗಂಡ ಜಯರಾಮ ಹೆರಿಗೆಗೆಂದು ರಜೆ ಹಾಕಿ ಬಂದಿದ್ದವರು, ಆಗಬೇಕಾದದ್ದನ್ನೆಲ್ಲ ಮುಗಿಸಿ, ರಜೆ ತೀರುವ ಮೊದಲೇ ಹಿಂದೆ ಹೋದರು. ಬಾಣಂತನ ಮಾತ್ರ ನನಗೆ ಪೂರ್ತಿ ನಲವತ್ತು ದಿನ ಆಯಿತು. ಊರಿನ ಬಾಣಂತಿಯರನ್ನೆಲ್ಲ ಮೀಯಿಸುತ್ತಿದ್ದ ನನ್ನ ಚಿಕ್ಕಮ್ಮನೇ ದಿನಾ ಹಂಡೆ ನೀರು ಕಾಯಿಸಿ ಬೆನ್ನಿಗೆ ಎರಚಿದರು. ಮದುವೆಗೆ ಮುಂಚೆ ಅವರ ಜೊತೆ ಮನೆಮನೆಗೆ ಹೋಗಿ ನೀರು ತೋಡಿ ಕೊಡುತ್ತಿದ್ದವಳು ನಾನೇ. ತೊಟ್ಟಿಲಿಲ್ಲದ ಮನೆಯಲ್ಲಿ ಬಾಣಂತಿ ಸ್ನಾನ ಹೇಗಿರುತ್ತದೆ ಎಂಬುದನ್ನು ಆ ಸಲ ಕಲಿತೆ.

ಗುಬ್ರಾದ ಕಟ್ಟಡದಲ್ಲಿ ಎಂಟು ಮನೆ, ನಮ್ಮದು ಮೇಲಿನ ಮಹಡಿಯದು. ಇವರು ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಬೆಳಿಗ್ಗೆ ಆರಕ್ಕೆ ಕಂಪೆನಿ ವ್ಯಾನು ಹತ್ತಿದರೆ ಬರುವುದು ಸಂಜೆ. ನಾನು ಅಡಿಗೆ ಮಾಡುತ್ತಿದ್ದೆ, ನೆಲ ಒರೆಸುತ್ತಿದ್ದೆ, ಕಿಟಕಿ ಏಸಿಯ ಗುರುಗುರು ಕೇಳುತ್ತ ಕೂರುತ್ತಿದ್ದೆ. ದುಃಖ ಎಂದು ಹೇಳಲಾರೆ. ಜೋಮು ಹಿಡಿದ ಕಾಲು ನಮ್ಮದೇ ಹೌದಾದರೂ ನಮ್ಮದಲ್ಲದ ಹಾಗೆ ಇರುತ್ತದಲ್ಲ, ನಾನಿಡೀ ಹಾಗಿದ್ದೆ. ಸಂಜೆ ಇವರು "ಊಟ ಆಯ್ತಾ?" ಎನ್ನುತ್ತಿದ್ದರು, ನಾನು "ಆಯ್ತು" ಎನ್ನುತ್ತಿದ್ದೆ. ಮಗುವಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊರಿನಲ್ಲಿ ಬಿಟ್ಟು ಬಂದ ಸಾಮಾನುಗಳಲ್ಲಿ ಅದೂ ಒಂದು ಎಂಬಂತೆ ಇಬ್ಬರೂ ನಡೆದುಕೊಂಡೆವು.

ಮೂರನೆಯ ವಾರವಿರಬೇಕು, ಎದುರು ಮನೆಯ ರಾಜಲಕ್ಷ್ಮಿಯವರು ಬಾಗಿಲು ತಟ್ಟಿದರು. ಮೈಸೂರಿನವರು, ಐವತ್ತರ ಹತ್ತಿರ, ಗಂಡ ಇಂಜಿನಿಯರ್. ಕೈಯಲ್ಲೊಂದು ನೀಲಿ ಬಕೆಟ್.

"ಏನ್ರೀ ಸುಮತಿ, ನಿಮ್ಮ ಏಸಿ ನೀರು ಮೂರು ವಾರದಿಂದ ಸುಮ್ನೆ ಮರಳಿಗೆ ಬೀಳ್ತಾ ಇದೆಯಲ್ಲ! ಕರುಳು ಚುರುಕ್ ಅನ್ನುತ್ತೆ ಕಣ್ರೀ ನಂಗೆ."

ಅವರೇ ಒಳಗೆ ಬಂದರು. ವಾಚ್‌ಮನ್ ರಫೀಕ್‌ನನ್ನು ಕರೆಸಿ ಏಸಿಯ ಹಿಂದಿನ ತೂತಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದನ್ನು ಬಾಲ್ಕನಿಗೆ ಎಳೆದು, ಬುಡಕ್ಕೆ ಬಕೆಟ್ ಇಡಿಸಿದರು. ಸಂಜೆಯ ಹೊತ್ತಿಗೆ ಬಕೆಟ್ ತುಂಬಿತ್ತು. ಗುಬ್ರಾದ ಕಡಲತೀರದ ಸೆಕೆಯಲ್ಲಿ ಗಾಳಿಯೇ ಅರ್ಧ ನೀರು. ಮರುದಿನ ಅವರು ಬಂದು ಬಕೆಟ್ ನೋಡಿ, "ಇನ್ಮೇಲೆ ನೆಲಕ್ಕೆ, ಕಕ್ಕಸಿಗೆ, ಬಟ್ಟೆ ಮೊದಲ ಸಲ ಅದ್ದೋದಕ್ಕೆ ಇದೇ. ಟ್ಯಾಂಕಿನ ನೀರು ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಬೆರಳು ಆಡಿಸಿದರು.

ನಮ್ಮದು ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯ ಕಥೆ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು ಬಾಲ್ಕನಿಯಿಂದ ಕಾಣುತ್ತಿದ್ದವು, ನಮ್ಮ ಕಟ್ಟಡಕ್ಕೆ ಮಾತ್ರ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ವಾರಕ್ಕೆರಡು ಸಲ. ತಾರಸಿಯ ಟ್ಯಾಂಕು ಎಂಟು ಮನೆಗೂ ಒಂದೇ. ಒಬ್ಬರು ನಳ್ಳಿ ತೆರೆದಿಟ್ಟು ಮರೆತರೆ ಏಳು ಮನೆಯವರು ಬಾಯಿ ಬಡಿದುಕೊಳ್ಳಬೇಕು. ಹಾಗಾಗಿ ರಾಜಲಕ್ಷ್ಮಿಯವರ ದರ್ಬಾರು ನಡೆಯುತ್ತಿತ್ತು. ತರಕಾರಿ ಸಿಪ್ಪೆ ಹಿಂದಿನ ಮನೆಯ ಒಮಾನಿ ಅಜ್ಜಿಯ ಆಡುಗಳಿಗೆ. ಅಜ್ಜಿಯಿಂದ ಬದಲಿಗೆ ಆಡಿನ ಗೊಬ್ಬರ. ಹಾಲುಪುಡಿಯ ಖಾಲಿ ಡಬ್ಬಗಳಲ್ಲಿ ಬಸಳೆ, ಅದಕ್ಕೆ ಅಕ್ಕಿ ತೊಳೆದ ನೀರು. ಶಾಲೆಗೆ ಹೋಗುವ ಐದು ಮಕ್ಕಳಿಗೆ ಒಂದೇ ಕಾರು, ವಾರಕ್ಕೊಬ್ಬ ಅಪ್ಪನ ಸರದಿ. ಮತ್ತೊಂದು ತಮಾಷೆ: ಬೇಸಿಗೆಯಲ್ಲಿ ತಣ್ಣೀರಿನ ನಳ್ಳಿಯಲ್ಲಿ ಕುದಿನೀರು ಬರುತ್ತದೆ, ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು. ಗೀಸರಿನ ಸ್ವಿಚ್ ಆರಿಸಿಟ್ಟರೆ ಅದರೊಳಗಿನ ನೀರು ಮನೆಯ ತಂಪಿನಲ್ಲಿ ಆರಿರುತ್ತದೆ. ಬಿಸಿನೀರು ಬೇಕಾದರೆ ತಣ್ಣೀರಿನ ನಳ್ಳಿ, ತಣ್ಣೀರು ಬೇಕಾದರೆ ಗೀಸರು. ಊರಿಗೆ ಕಾಗದ ಬರೆದರೆ ನಂಬುವವರಿಲ್ಲ.

ನಾನು ಬಕೆಟ್ ಹೊತ್ತೆ, ಸಿಪ್ಪೆ ಹೊತ್ತೆ. ಯಾರಾದರೂ ಹೇಳಿದ ಕೆಲಸ ಮಾಡುವುದು ಸುಲಭವಿತ್ತು.

ಕೆಳಗಿನ ಮನೆಯಲ್ಲಿ ಪ್ರತಿಮಾ ಎಂಬ ಹುಡುಗಿ ಇದ್ದಳು, ಉಡುಪಿ ಕಡೆಯವಳು, ತುಂಬು ಬಸುರಿ. ಹೆರಿಗೆಗೆ ಊರಿಗೆ ಹೋಗಬೇಕೆಂದಿದ್ದವಳನ್ನು ವಿಮಾನ ಹತ್ತಬಾರದು ಎಂದು ಡಾಕ್ಟರು ತಡೆದಿದ್ದರು. ಅವಳ ತಾಯಿಯನ್ನು ಕರೆಸೋಣ ಎಂದರೆ, ವೀಸಾದ ಕಾಗದಕ್ಕೆ ರುಜು ಹಾಕಬೇಕಾದ ಕಫೀಲ್, ಅಂದರೆ ಅವಳ ಗಂಡನಿಗೆ ಜಾಮೀನಾಗಿದ್ದ ಒಮಾನಿ ಧಣಿ, ಬೇಸಿಗೆಗೆಂದು ದೇಶ ಬಿಟ್ಟು ಹೋಗಿದ್ದ. ಜುಲೈ ಕೊನೆಗೆ ಅವಳಿಗೆ ಗಂಡು ಮಗುವಾಯಿತು. ಆಸ್ಪತ್ರೆಯಿಂದ ಬಂದ ದಿನ ನೋಡಲು ಹೋದವರೆದುರು ಅವಳು ಅತ್ತದ್ದು ಹೆರಿಗೆಯ ನೋವಿಗಲ್ಲ.

"ನನ್ನನ್ನು ಮೀಯಿಸುವವರು ಯಾರು? ಬಾಣಂತಿ ಸ್ನಾನ ಇಲ್ಲದಿದ್ದರೆ ನನ್ನ ಸೊಂಟ ಇಡೀ ಜೀವಮಾನಕ್ಕೆ ಹೋಯ್ತು ಅಂತಾಳೆ ಅಮ್ಮ."

ಕರಾವಳಿ ಕಡೆಯ ನಾವು ನಾವೇ ಮಾತಾಡುವುದು ತುಳುವಿನಲ್ಲಿ. ರಾಜಲಕ್ಷ್ಮಿಯವರಿಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿ ಮತ್ತೊಮ್ಮೆ ಅತ್ತಳು.

ಕಷ್ಟ ಇದ್ದದ್ದು ನೀರಿನದು. ನಮ್ಮ ಕಡೆಯ ಬಾಣಂತಿ ಸ್ನಾನವೆಂದರೆ ಒಂದೆರಡು ಬಕೆಟಿನ ಮಾತಲ್ಲ. ಎಂಟು ಹತ್ತು ಬಕೆಟ್ ಬಿಸಿನೀರನ್ನು ಬೆನ್ನಿಗೆ, ಸೊಂಟಕ್ಕೆ ರಪರಪನೆ ಎರಚಬೇಕು, ಅದೂ ನಲವತ್ತು ದಿನ. ರಾಜಲಕ್ಷ್ಮಿಯವರು ಎಲ್ಲ ಹೆಂಗಸರನ್ನು ಕರೆದು ಕಾಫಿ ಕೊಟ್ಟು ತೀರ್ಪು ಹೇಳಿದರು. ಎಂಟೂ ಮನೆಯವರು ಒಗೆಯುವುದು ಒರೆಸುವುದನ್ನೆಲ್ಲ ಏಸಿ ನೀರಿನಲ್ಲೇ ಮಾಡುವುದು, ಉಳಿದ ಟ್ಯಾಂಕಿನ ನೀರು ಬಾಣಂತಿಗೆ. ಸ್ನಾನ ಮಧ್ಯಾಹ್ನ ಎರಡು ಗಂಟೆಗೆ. ಆಗ ಸೂರ್ಯನೇ ಕಾಯಿಸಿಕೊಡುತ್ತಾನೆ, ಕರೆಂಟು ಬೇಡ. ಪ್ರತಿಮಾ ಬಾತ್‌ಟಬ್ಬಿನೊಳಗೆ ಮಣೆ ಹಾಕಿ ಕೂರುವುದು, ಟಬ್ಬಿನ ಬಿರಡೆ ಮುಚ್ಚಿರುವುದು. ಮಿಂದ ನೀರನ್ನು ಎಂಟು ಮನೆಯವರು ಹಂಚಿಕೊಂಡು ಕಕ್ಕಸಿಗೆ ಹಾಕುವುದು.

ಅದುವರೆಗೆ ತಲೆಯಾಡಿಸುತ್ತಿದ್ದ ವಸಂತಕ್ಕ ಅಲ್ಲಿ ನಿಂತುಬಿಟ್ಟರು. ಪ್ರತಿಮಾಳ ಪಕ್ಕದ ಮನೆಯವರು, ವ್ರತನೇಮ ಬಲವಾಗಿದ್ದವರು.

"ಎಂತ ಹೇಳ್ತೀರಿ ನೀವು? ಅಮೆ ಇರುವ ಮನೆಯ ನೀರನ್ನು ನಮ್ಮ ಮನೆಯೊಳಗೆ ತರುದಾ?"

ಹೆರಿಗೆಯ ಸೂತಕಕ್ಕೆ ನಮ್ಮಲ್ಲಿ ಅಮೆ ಎನ್ನುತ್ತೇವೆ. ರಾಜಲಕ್ಷ್ಮಿಯವರು ಲೋಟ ಕೆಳಗಿಟ್ಟರು.

"ವಸಂತಾ ಅವರೇ, ಕಕ್ಕಸಿಗೆ ಎಂಥ ಮಡಿ ರೀ?"

ಎಲ್ಲರೂ ನಕ್ಕರು, ವಸಂತಕ್ಕನೂ. ಆದರೆ ಸೋಲಲಿಲ್ಲ. "ಹತ್ತು ದಿವಸ ಕಳೀಲಿ. ಹನ್ನೊಂದನೇ ದಿನದಿಂದ ನನಗೂ ಎರಡು ಬಕೆಟ್ ಕೊಡಿ" ಎಂದರು. ಹಾಗೆಯೇ ಆಯಿತು.

ಮೀಯಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಎಲ್ಲರೂ ನೆಲ ನೋಡಿದರು. ನನಗೆ ಆ ಕೆಲಸ ಬರುತ್ತದೆಂದು ಅವರಿಗೆ ಗೊತ್ತಿತ್ತು, ನನ್ನ ಮಗುವಿನ ವಿಷಯವೂ ಗೊತ್ತಿತ್ತು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ನಾನು ಮೀಯಿಸ್ತೇನೆ" ಎಂದೆ. ದೊಡ್ಡ ಮನಸ್ಸೆಂದು ಅವರೆಲ್ಲ ತಿಳಿದುಕೊಂಡರು. ನನಗೆ ಹಾಗೇನೂ ಅನ್ನಿಸಿರಲಿಲ್ಲ. ಬಟ್ಟೆ ಒಗೆಯಲು ಹೇಳಿದ್ದರೂ ಅದೇ ದನಿಯಲ್ಲಿ ಒಪ್ಪುತ್ತಿದ್ದೆ.

ಹೀಗೆ ಶುರುವಾಯಿತು. ಒಂದೂವರೆಗೆ ಹೋಗಿ ಪ್ರತಿಮಾಳ ಮೈಗೆ ತೆಂಗಿನೆಣ್ಣೆ ತಿಕ್ಕುವುದು. ಎರಡಕ್ಕೆ ಮಣೆಯ ಮೇಲೆ ಕೂರಿಸಿ, ಬಕೆಟಿನ ಬಿಸಿನೀರಿಗೆ ಗೀಸರಿನ ತಣ್ಣೀರು ಬೆರೆಸಿ ಹದ ಮಾಡಿ, ಎರಚುವುದು. ಬಾಣಂತಿ "ಬಿಸಿ" ಎನ್ನುತ್ತಾಳೆ, ಮೀಯಿಸುವವಳು "ಬಿಸಿಯೇ ಇರಬೇಕು, ಸುಮ್ಮನೆ ಕೂತುಕೋ" ಎನ್ನುತ್ತಾಳೆ. ಊರಿನಲ್ಲೂ ಇದೇ ಮಾತು, ಇಲ್ಲೂ ಇದೇ. ತಲೆ ಒರೆಸಿ, ಕೂದಲಿಗೆ ಲುಬಾನಿನ ಹೊಗೆ ಹಿಡಿಯುವುದು. ನಮ್ಮ ಊರಿನ ಸಾಂಬ್ರಾಣಿಗಿಂತ ಅಲ್ಲಿಯ ಲುಬಾನ್ ಒಳ್ಳೆಯದು, ಅದನ್ನು ಆಡಿನ ಅಜ್ಜಿಯೇ ಮುಷ್ಟಿ ತುಂಬ ಕೊಟ್ಟಿದ್ದಳು. ಆಮೇಲೆ ಬಾಗಿಲಲ್ಲಿ ಬಕೆಟ್‌ಗಳ ಸಾಲು. ಅರಿಸಿನ ಬಣ್ಣದ, ಎಣ್ಣೆ ತೇಲುವ ನೀರನ್ನು ಹೆಂಗಸರು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು.

ಮಗುವಿನ ಕಡೆ ನಾನು ಹೋಗಲಿಲ್ಲ. ಹೊಕ್ಕುಳು ಪೂರ್ತಿ ಮಾಗುವವರೆಗೆ ಮೈ ಒರೆಸಿದರೆ ಸಾಕೆಂದು ಆಸ್ಪತ್ರೆಯವರು ಹೇಳಿದ್ದರು, ಅದನ್ನು ರಾಜಲಕ್ಷ್ಮಿಯವರು ಮಾಡುತ್ತಿದ್ದರು. ನಾನು ತೊಟ್ಟಿಲಿಗೆ ಬೆನ್ನು ಹಾಕಿ ಬಚ್ಚಲಿಗೆ ಹೋಗುತ್ತಿದ್ದೆ, ಬೆನ್ನು ಹಾಕಿಯೇ ಹೊರಬರುತ್ತಿದ್ದೆ. ಸಂಜೆ ಇವರು ಕೇಳುತ್ತಿದ್ದರು, "ಹೇಗಿದ್ದಾರೆ ಅವರು?" ನಾನು "ಚೆನ್ನಾಗಿದ್ದಾರೆ" ಎನ್ನುತ್ತಿದ್ದೆ. ಇವರು ಇನ್ನೇನೋ ಕೇಳಲು ಬಾಯಿ ತೆರೆದಂತೆ ಕಾಣುತ್ತಿತ್ತು. ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ನಾಲ್ಕನೆಯ ವಾರ ಟ್ಯಾಂಕರ್ ಬರಲಿಲ್ಲ. ಕೇಳಿದರೆ ರಫೀಕ್, "ಗಾಡಿ ಖರಾಬ್ ಹೈ ಮೇಡಂ, ಕಲ್ ಆಯೇಗಾ" ಎಂದ. ಗಾಡಿ ಕೆಟ್ಟಿದೆ, ನಾಳೆ ಬರುತ್ತದೆ ಎಂದು ಮರುದಿನವೂ ಅದನ್ನೇ ಹೇಳಿದ. ಹೆಂಗಸರು ಹಠ ಹಿಡಿದರು. ಮಿಕ್ಕ ಮನೆಗಳಲ್ಲಿ ಒಗೆಯುವುದು ನಿಂತಿತು, ಗಂಡಸರು ಎರಡು ಚೊಂಬಿನಲ್ಲಿ ಸ್ನಾನ ಮುಗಿಸಿದರು. ಟ್ಯಾಂಕಿನ ತಳದಲ್ಲಿ ಉಳಿದದ್ದು ಬಾಣಂತಿಗೆ ಎಂದು ಯಾರೂ ಹೇಳದೆಯೇ ಎಲ್ಲರೂ ಬಿಟ್ಟುಕೊಟ್ಟರು. ಆ ಒಳ್ಳೆಯತನವೇ ಮುಳುವಾಯಿತು. ನೀರು ಕಡಿಮೆಯಾದಷ್ಟೂ ಬಿಸಿಲಿಗೆ ಹೆಚ್ಚು ಕಾಯುತ್ತದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ಶುಕ್ರವಾರ, ಎಲ್ಲರಿಗೂ ರಜೆ. ಪ್ರತಿಮಾಳ ಗಂಡ ರಫೀಕ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಬೇರೆ ಟ್ಯಾಂಕರ್ ಹುಡುಕಲು ಹೋಗಿದ್ದ. ಹೊಕ್ಕುಳು ಮಾಗಿದೆ, ಇವತ್ತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಸರಿಯಾಗಿ ಮೀಯಿಸೋಣ ಎಂದು ರಾಜಲಕ್ಷ್ಮಿಯವರು ಕೋಣೆಯಲ್ಲಿ ಅದಕ್ಕೆ ಎಣ್ಣೆ ಹಚ್ಚುತ್ತ ಕೂತಿದ್ದರು. ನಾನು ಬಕೆಟ್ ತುಂಬಿ, ಕೈ ಅದ್ದಿ ನೋಡಿದೆ. ಹದವಾಗಿದೆ ಅನ್ನಿಸಿತು. ತಣ್ಣೀರು ಬೆರೆಸಲಿಲ್ಲ. ಎರಚಿದೆ.

"ಸುಮತಿಯಕ್ಕ, ಬಿಸಿ."

"ಬಿಸಿಯೇ ಇರಬೇಕು."

"ಅಕ್ಕ, ತುಂಬ ಬಿಸಿ."

"ಸುಮ್ಮನೆ ಕೂತುಕೋ."

ಮೂರನೆಯ ಸಲ ಅವಳು ಏನೂ ಹೇಳಲಿಲ್ಲ. ಗೋಡೆಗೆ ಒರಗಿದಳು, ಹಾಗೆಯೇ ಜಾರಿ ಟಬ್ಬಿನೊಳಗೆ ವಾಲಿದಳು.

ನನ್ನ ಕೂಗು ಕೇಳಿ ರಾಜಲಕ್ಷ್ಮಿಯವರು ಓಡಿ ಬಂದರು. ಇಬ್ಬರೂ ಅವಳನ್ನು ಎತ್ತಿ, ಸೀರೆ ಸುತ್ತಿ, ಏಸಿಯ ಕೆಳಗೆ ಮಲಗಿಸಿದೆವು. ಬೆನ್ನು ದಾಸವಾಳದ ಹಾಗೆ ಕೆಂಪಾಗಿತ್ತು. ಬೊಬ್ಬೆ ಎದ್ದಿರಲಿಲ್ಲ, ದೇವರು ದೊಡ್ಡವನು. ತಣ್ಣನೆಯ ಬಟ್ಟೆ ಹಾಕಿ, ಲಿಂಬೆ ಪಾನಕ ಬಾಯಿಗೆ ಬಿಟ್ಟ ಮೇಲೆ ಕಣ್ಣು ತೆರೆದಳು. ರಾಜಲಕ್ಷ್ಮಿಯವರು ಬಚ್ಚಲಿಗೆ ಹೋಗಿ ಬಕೆಟಿಗೆ ಕೈ ಹಾಕಿ ಥಟ್ಟನೆ ಹಿಂದೆಳೆದುಕೊಂಡರು.

"ಅಯ್ಯೋ, ಸುಡ್ತಾ ಇದೆಯಲ್ರೀ! ನಿಮ್ಮ ಕೈಗೆ ಗೊತ್ತಾಗ್ಲಿಲ್ವಾ?"

ಕೈ ನೋಡಿಕೊಂಡೆ. ಮಣಿಕಟ್ಟಿನವರೆಗೆ ಕೆಂಪು. ಗೊತ್ತಾಗಿರಲಿಲ್ಲ. ಆಗ ಹೆದರಿದೆ. ನಾನು ಹೀಗೆ ಮರಗಟ್ಟಿರುವುದರಿಂದ ನನಗೊಬ್ಬಳಿಗೇ ನಷ್ಟ ಎಂದುಕೊಂಡಿದ್ದೆ. ಒಂದು ಜೀವ ನನ್ನ ಕೈಯಲ್ಲಿ ಹೋಗುವುದರಲ್ಲಿತ್ತು.

ಇತ್ತ ಮೈಯೆಲ್ಲ ಎಣ್ಣೆಯಾಗಿ ಚಾಪೆಯ ಮೇಲಿದ್ದ ಮಗು ಕಿರುಚತೊಡಗಿತು. ರಾಜಲಕ್ಷ್ಮಿಯವರು ಪ್ರತಿಮಾಳ ಬೆನ್ನಿನ ಬಟ್ಟೆ ಬದಲಿಸುತ್ತ, "ಅದಕ್ಕೆ ನೀವೇ ನೀರು ಹಾಕ್ರೀ, ನಾನಿವಳನ್ನ ಬಿಟ್ಟು ಬರೋ ಹಾಗಿಲ್ಲ" ಎಂದರು.

"ನನ್ನಿಂದ ಆಗುದಿಲ್ಲ. ನನ್ನ ಕೈಗೆ ಬಿಸಿ ಗೊತ್ತಾಗುದಿಲ್ಲ."

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಬೈಯುತ್ತಾರೆ ಎಂದುಕೊಂಡೆ. "ಹಾಗಾದ್ರೆ ಗೊತ್ತಾಗೋರನ್ನ ಕರ್ಕೊಂಡು ಬನ್ನಿ" ಎಂದರು.

ಪ್ರತಿಮಾ ಮಲಗಿದಲ್ಲಿಂದ ಏನೋ ಹೇಳುತ್ತಾಳೆ, ನನ್ನ ಮಗುವನ್ನು ಇವಳು ಮುಟ್ಟುವುದು ಬೇಡ ಎನ್ನುತ್ತಾಳೆ ಎಂದು ಕಾದೆ. ಅವಳು ಹೇಳಿದ್ದು ಇಷ್ಟೇ: "ಅಕ್ಕ, ಬೇಗ. ಅದಕ್ಕೆ ಹಸಿವಾಗ್ತದೆ."

ಮೆಟ್ಟಿಲು ಹತ್ತಿ ಇವರನ್ನು ಕರೆದೆ. ಲುಂಗಿ ಬನಿಯನ್ನಿನಲ್ಲೇ ಬಂದರು. ಪ್ರತಿಮಾ ಇದ್ದ ಕೋಣೆಯ ಬಾಗಿಲನ್ನು ರಾಜಲಕ್ಷ್ಮಿಯವರು ಮುಂದೆ ಮಾಡಿದರು. ಇವರು ನೇರ ಬಚ್ಚಲಿಗೆ ಹೋದರು. ಖಾಲಿ ಬಕೆಟಿಗೆ ಎರಡು ಚೊಂಬು ಬಿಸಿನೀರು ಹಾಕಿ, ಕುಡಿಯುವ ನೀರಿನ ಕ್ಯಾನಿನಿಂದ ತಣ್ಣೀರು ಸುರಿದು, ಮೊಣಕೈ ಅದ್ದಿದರು. ಇನ್ನಷ್ಟು ಸುರಿದರು. ಮತ್ತೆ ಅದ್ದಿದರು.

"ಸಾಕು. ಉಗುರು ಬಿಸಿ" ಎಂದರು. "ಕೂತುಕೋ. ಕಾಲ ಮೇಲೆ ಬಟ್ಟೆ ಹಾಕು, ಎಣ್ಣೆಗೆ ಜಾರ್ತದೆ."

ಮಣೆಯ ಮೇಲೆ ಕೂತು ಕಾಲು ಚಾಚಿದೆ. ಮಗುವನ್ನು ಇವರೇ ಎತ್ತಿ ತಂದು ಮಲಗಿಸಿದರು. ಇವರು ನೀರು ಹೊಯ್ದರು, ನಾನು ಹೆಸರುಹಿಟ್ಟು ತಿಕ್ಕಿದೆ. ತಲೆಗೆ ಹೊಯ್ಯುವಾಗ ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದರು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಎಲ್ಲೆಲ್ಲಿ ತಿಕ್ಕಬೇಕೆಂದು ಒಂದೊಂದೇ ಹೇಳಿದರು. ನನಗೆ ಗೊತ್ತಿದ್ದ ಕೆಲಸವೇ, ಆದರೂ ಹೇಳಿದಂತೆ ಮಾಡಿದೆ. ಮಗು ಅಳು ನಿಲ್ಲಿಸಿ ಮೇಲೆ ನೋಡುತ್ತಿತ್ತು. ನನ್ನ ಕಾಲಿಗೆ ಅದರ ಭಾರ ಗೊತ್ತಾಗುತ್ತಿತ್ತು. ಒರೆಸಿ, ಸುತ್ತಿ, ರಾಜಲಕ್ಷ್ಮಿಯವರ ಕೈಗೆ ಕೊಟ್ಟು ಇಬ್ಬರೂ ಮೇಲೆ ಬಂದೆವು.

ಸಂಜೆ ಮಗ್ರಿಬ್‌ನ ಬಾಂಗ್ ಆಗುವ ಹೊತ್ತಿಗೆ ಟ್ಯಾಂಕರ್ ಬಂತು. ಪಂಪಿನ ಸದ್ದಿಗೆ ಎಂಟೂ ಬಾಲ್ಕನಿಗಳಲ್ಲಿ ಜನ ನಿಂತರು. ಕೆಳಗಿನಿಂದ ವಸಂತಕ್ಕ, "ಪ್ರತಿಮಾ ಎದ್ದು ಗಂಜಿ ಉಂಡಳು" ಎಂದು ಕೂಗಿ ಹೇಳಿದರು. ಇವರು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದರು. ನನಗೆ ಆಗಲೇ ಒಂದು ಸಂಶಯ ಹತ್ತಿತ್ತು. ಇವರು ಮನೆಯಲ್ಲಿ ಕಡೆಯವರು, ತಮ್ಮ ತಂಗಿಯರಿಲ್ಲ. ಮಗುವನ್ನು ಎತ್ತಿ ಆಡಿಸಿದ್ದನ್ನು ಕೂಡ ನಾನು ಕಂಡಿರಲಿಲ್ಲ.

"ಮಗುವಿಗೆ ನೀರು ಹದ ಮಾಡುದು ಎಲ್ಲಿ ಕಲಿತಿರಿ?" ಎಂದೆ.

ಇವರು ಬಗ್ಗಿ ಕೆಳಗಿನ ಟ್ಯಾಂಕರ್ ಕಡೆ ನೋಡಿದರು.

"ಊರಲ್ಲಿ" ಎಂದರು. "ನಿನ್ನ ಚಿಕ್ಕಮ್ಮ ಹೇಳಿಕೊಟ್ಟರು."

"ಯಾರ ಮಗುವಿಗೆ?"

"ನಮ್ಮದಕ್ಕೆ." ಅವರು ನನ್ನ ಕಡೆ ನೋಡಲಿಲ್ಲ. "ಹಾಗೇ ಕೊಂಡುಹೋಗ್ಲಿಕ್ಕೆ ಮನಸ್ಸಾಗಲಿಲ್ಲ. ತಣ್ಣೀರು ಸಾಕು ಅಂದ್ರು ಯಾರೋ. ನಾನು ಬಿಸಿ ಮಾಡಿಸಿದೆ. ನಾನೇ ಮೀಯಿಸಿದೆ."

ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಆರು ತಿಂಗಳಲ್ಲಿ ಯಾರ ಹತ್ತಿರವೂ ಕೇಳದಿದ್ದದ್ದನ್ನು ಕೇಳಿದೆ.

"ಹೆಣ್ಣಾ, ಗಂಡಾ?"

"ಹೆಣ್ಣು" ಎಂದರು. "ತಲೆ ತುಂಬ ಕೂದಲಿತ್ತು ಸುಮತಿ. ಒದ್ದೆ ತಲೆಯಲ್ಲಿ ಕೊಂಡುಹೋಗುದು ಹೇಗೆ ಅಂತ, ಒಣಗುವವರೆಗೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ."